ಟೈಲರಮ್ಮನ ಅಳತೆ

ಆರ್.ಟಿ. ನಗರದ ನಮ್ಮ ಬೀದಿಯ ಟೈಲರಮ್ಮ ಬಾಯಿಮಾತಿನ ಅಳತೆ ನಂಬುತ್ತಿರಲಿಲ್ಲ. ಹೋದ ವರ್ಷದ್ದೇ ಸಾಕು ಅಂದರೆ, ತುಟಿಯಲ್ಲಿ ಪಿನ್ನು ಕಚ್ಚಿಕೊಂಡೇ, "ಟೇಪ್ ಸುಳ್ಳು ಹೇಳಲ್ಲ ಆಂಟಿ, ಕೈ ಎತ್ತಿ" ಅನ್ನೋರು.

ಬೆನ್ನುಮೂಳೆಯ ಆಪರೇಷನ್ ಆಗಿ ಮನೆಗೆ ಬಂದ ನಾನು ನೋವಿಗೆ ಹೆದರಿ ಮಲಗಿಯೇ ಇದ್ದೆ. ನೈಟಿ ಕೊಡಲು ಬಂದ ಟೈಲರಮ್ಮ ನನ್ನ ಕಾಲು ನೋಡಿದವರೇ ಕೊರಳಿನ ಟೇಪ್ ತೆಗೆದು ಎರಡೂ ಮೀನಖಂಡ ಅಳೆದರು. ಎಡಗಾಲು ಒಂದೂವರೆ ಇಂಚು ದಪ್ಪ.

"ಅಂಕಲ್, ಬೇಗ ಆಟೋ ಕರೀರಿ!" ಎಂದು ನನ್ನ ಗಂಡನನ್ನು ಕೂಗಿದರು.

ಸ್ಕ್ಯಾನ್ ನೋಡಿದ ಡಾಕ್ಟರು, "ಅಲ್ಲಾಡದೆ ಮಲಗಿದ್ದಕ್ಕೆ ರಕ್ತ ಹೆಪ್ಪುಗಟ್ಟಿದೆ. ಶ್ವಾಸಕೋಶಕ್ಕೆ ಹೋಗೋ ಮುಂಚೆ ಬಂದ್ರಲ್ಲ, ಸದ್ಯ" ಎಂದು ರಕ್ತ ತೆಳುವಾಗಿಸುವ ಔಷಧಿ ಶುರುಮಾಡಿದರು. ಆಮೇಲೆ ಸಂಜೆಯ ನಡಿಗೆಗೆ ಟೈಲರಮ್ಮನ ತೋಳೇ ನನಗೆ ಆಸರೆ.

ಎರಡೂ ಕಾಲು ಸಮವಾದ ದಿನ ಬೀದಿಯ ತುದಿಯ ಪಾನಿಪುರಿ ಗಾಡಿವರೆಗೂ ನಡೆಸಿದರು. "ಭಯ್ಯಾ, ನಮ್ಮ ಆಂಟಿ ನಡ್ಕೊಂಡು ಬಂದಿದ್ದಾರೆ, ಖಾರ ಜಾಸ್ತಿ ಹಾಕಿ!"

ನಿಂತುಕೊಂಡೇ ಎರಡು ಪ್ಲೇಟ್ ತಿಂದೆ.