ಗ್ಯಾರೇಜಿನಲ್ಲಿ ಓದಿದ ಕಾಗದಗಳು

ಮೊನ್ನೆ ಸಂಜೆ ಫೋನ್ ಹಿಡಿದುಕೊಂಡು ಗ್ಯಾರೇಜಿಗೆ ಹೋದೆ. ಬಾಗಿಲು ತೆಗೆದದ್ದೇ ತಡ, ಹಳೇ ಟೈರು, ಪೆಟ್ರೋಲು, ಒದ್ದೆ ರಟ್ಟಿನ ವಾಸನೆ ಮೂಗಿಗೆ ಬಡಿಯಿತು. ಅದು ಡೆಟ್ರಾಯಿಟ್ ಹತ್ತಿರದ ವಿಕ್ಸಮ್‌ನ ನನ್ನ ಮನೆಯ ಗ್ಯಾರೇಜೇ. ಆದರೆ ಆ ವಾಸನೆ ಬಂದರೆ ಇವತ್ತಿಗೂ ನನ್ನ ಕಣ್ಣ ಮುಂದೆ ನಿಲ್ಲುವುದು ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್.

ಗದಗಿನ ಕಡೆಯವರು. ಕಾರು ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದು ರಿಟೈರ್ ಆಗಿದ್ದರು, ಸುಮ್ಮನೆ ಕೂರುವ ಜೀವ ಮಾತ್ರ ಅಲ್ಲ. ಡೆಟ್ರಾಯಿಟ್‌ನ ಒಂದು ಲೈಬ್ರರಿಯವರು ಹಳೇ ಕಾಗದಗಳನ್ನು ಓದಿಕೊಡುವವರನ್ನು ಹುಡುಕುತ್ತಿದ್ದರು. ಈ ದೇಶ ಇನ್ನೂ ಎಳೆಯದಾಗಿದ್ದ ಕಾಲದಲ್ಲಿ ಇಲ್ಲಿಯ ಕೋಟೆಯ ಸೇನಾಧಿಕಾರಿಗೂ ರಾಜಧಾನಿಯ ಒಬ್ಬ ರಾಜಕಾರಣಿಗೂ ನಡೆದ ಪತ್ರವ್ಯವಹಾರ ಅದು. ಕೂಡಿಸಿ ಬರೆದ ಆ ಇಂಗ್ಲಿಷ್ ಅಕ್ಷರದ ತಲೆಬುಡ ಇಲ್ಲಿ ಹುಟ್ಟಿದ ಮಕ್ಕಳಿಗೆ ತಿಳಿಯದು. ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಬೆರಳು ನೋಯುವಷ್ಟು ತಿದ್ದಿ ಬೆಳೆದ ಅಂಕಲ್‌ಗೆ ನೀರು ಕುಡಿದಷ್ಟು ಸುಲಭ. ಟೈಪಿಂಗ್ ಮಾತ್ರ ಒಂದೇ ಬೆರಳಿನದು. ನಾನಾಗ ವರ್ಕ್ ಪರ್ಮಿಟ್‌ಗೆ ಅಪ್ಲೈ ಮಾಡಿ ಮನೆಯಲ್ಲಿ ನೊಣ ಹೊಡೆಯುತ್ತಿದ್ದೆ. ಹಾಗಾಗಿ ಅವರು ಓದುವುದು, ನಾನು ಟೈಪ್ ಮಾಡುವುದು ಎಂದಾಯಿತು.

ಮೊದಲ ದಿನವೇ ನನಗೆ ತಮಾಷೆ ಅನಿಸಿದ್ದು ಜಾಗ. ಒಳಗೆ ಅಷ್ಟು ಚೆಂದದ ಊಟದ ಟೇಬಲ್ ಇದ್ದರೂ ಗ್ಯಾರೇಜಿನಲ್ಲಿ ಒಂದು ಮಡಚುವ ಮೇಜು, ಎರಡು ಕುರ್ಚಿ, ಕಾಲ ಬಳಿ ಸಣ್ಣ ಹೀಟರು. ಹೊರಗೆ ಇಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. "ಒಳಗೆ ಕೂತ್ಕೊಳ್ಳೋಣ ಅಂಕಲ್, ಬೆರಳೇ ಮಡಚ್ತಿಲ್ಲ," ಅಂದೆ.

"ಬ್ಯಾಡ ತಂಗಿ. ಯಾವ ಕಾಗದದಾಗ ಯಾರ ಸಾವು ಐತೋ ಓದೂತನಕಾ ಹೆಂಗ ತಿಳೀಬೇಕು? ಮಗಳು ಆರ್ಮಿಯೊಳಗ ಅದಾಳ."

ಅವರ ಊರಲ್ಲಿ ಸಾವಿನ ಕಾಗದ ಬಂದರೆ ಹೊಸ್ತಿಲ ಹೊರಗೇ ನಿಂತು ಓದಿ, ಹರಿದು ಹಾಕಿ, ಕಾಲು ತೊಳೆದು ಒಳಗೆ ಬರುತ್ತಿದ್ದರಂತೆ. ಒಬ್ಬಳೇ ಮಗಳು, ಆರ್ಮಿಯಲ್ಲಿ ಡಾಕ್ಟರು, ಆಗ ದೂರದ ಯಾವುದೋ ದೇಶದಲ್ಲಿದ್ದಳು. ಹಾಗಾಗಿ ಸತ್ತು ಇನ್ನೂರು ವರ್ಷವಾದ ಸಿಪಾಯಿಗಳಿಗೂ ಅಂಕಲ್ ಮನೆಯೊಳಗೆ ಪ್ರವೇಶ ಕೊಡಲಿಲ್ಲ. ಸಾವಿನ ಸುದ್ದಿ ಇದ್ದ ಕಾಗದವನ್ನು ನಾನು ಟೈಪ್ ಮಾಡಿ ಮುಗಿಸಿದ ಕೂಡಲೇ ಹರಿದು ಕಸದ ಡಬ್ಬಿಗೆ ಹಾಕುತ್ತಿದ್ದರು. ಪುಣ್ಯಕ್ಕೆ ಅವು ಬರೀ ಜೆರಾಕ್ಸ್ ಪ್ರತಿಗಳು. ಆಮೇಲೆ ಮೂಲೆಯ ಬಕೆಟ್ಟಿನ ತಣ್ಣೀರಲ್ಲಿ ಕಾಲು ತೊಳೆಯುವುದು. ನನಗೂ ತೊಳೆಸುತ್ತಿದ್ದರು. ನಾನು ಬೈದುಕೊಂಡೇ ತೊಳೆಯುತ್ತಿದ್ದೆ.

ಕಾಗದಗಳಂತೂ... ಜ್ವರಕ್ಕೆ ಜನ ಸಾಯುತ್ತಿದ್ದಾರೆ, ಔಷಧ ಕಳಿಸಿ, ಬೂಟು ಕಳಿಸಿ ಎಂದು ಕೋಟೆಯವನು ಬೇಡುವನು. ರಾಜಧಾನಿಯವನು ಅತಿ ವಿನಯದಿಂದ ಬೇರೇನೋ ಬರೆಯುವನು. ಕೊನೆಯಲ್ಲಿ ಇಬ್ಬರೂ ತಪ್ಪದೆ 'ತಮ್ಮ ವಿಧೇಯ ಸೇವಕ'. ಅಂಕಲ್‌ಗೆ ಮೈ ಉರಿಯುತ್ತಿತ್ತು. "ಮಂದಿ ಸಾಯಾಕತ್ತಾರಂತ ಇಂವಾ ಬರದ್ರ, ಹಿಟ್ಟಿನ ಪೀಪಾಯಿ ಎಷ್ಟು ಉಳದಾವಂತ ಕೇಳ್ತಾನಲ್ಲ ಅಂವಾ!" ಎಂದು ಮೇಜು ಗುದ್ದುತ್ತಿದ್ದರು. ಆ ಸಿಟ್ಟು ಹಿಟ್ಟಿನದಲ್ಲ, ಹೆದರಿಕೆಯದು ಎಂದು ನನಗೆ ಗೊತ್ತಿತ್ತು. ಮಗಳ ಫೋನು ಒಂದು ವಾರ ಬರದಿದ್ದರೆ ಆ ವಾರ ರಾಜಧಾನಿಯವನಿಗೆ ಬೈಗುಳ ಜಾಸ್ತಿ.

ಅವತ್ತು ಬೆಳಿಗ್ಗೆಯೂ ಹೀಗೇ ಕೂತಿದ್ದೆವು. ಗ್ಯಾರೇಜಿನ ದೊಡ್ಡ ಬಾಗಿಲು ಮುಚ್ಚಿತ್ತು. ಒಳಗಿನಿಂದ ಆಂಟಿಯ ದನಿ ಕೇಳಿಸಿತು. ಹಬ್ಬದ ದಿನದಂಥ ದನಿ. ಮನೆಯ ಕಡೆಯ ಬಾಗಿಲು ತೆಗೆದು, "ರೀ, ಮಗಳ ಫ್ರೆಂಡ್ಸ್ ಬಂದಾರ, ಲಗೂ ಬರ್ರಿ. ಚಹಾ ಇಡ್ತೀನಿ," ಅಂದರು.

ನಾವಿಬ್ಬರೂ ಎದ್ದು ಹೋದೆವು. ಮುಂಬಾಗಿಲ ಬಳಿ ಆಂಟಿಯ ಚಪ್ಪಲಿಯ ಪಕ್ಕ ಎರಡು ಜೊತೆ ಕಪ್ಪು ಬೂಟು, ಮುಖ ಕಾಣುವಷ್ಟು ಹೊಳಪು. ಮನೆಗೆ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸಿ ಆಂಟಿಗೆ ಗೊತ್ತಿಲ್ಲ. ಬನ್ನಿ ಬನ್ನಿ ಎಂದು ಬೂಟು ಬಿಚ್ಚಿಸಿ, ಒಳಗೆ ಕರೆದು, ಸೋಫಾದ ಮೇಲೆ ಕೂರಿಸಿಬಿಟ್ಟಿದ್ದರು. ಸಮವಸ್ತ್ರದ ಗಂಡಸು, ಹೆಂಗಸು ಇಬ್ಬರೂ ಬರೀ ಕಾಲುಚೀಲದಲ್ಲಿ, ಬಾಯಿ ತೆಗೆಯಲಾಗದೆ ಕೂತಿದ್ದರು. ಮನೆಯ ಯಜಮಾನರು ಬರಲಿ ಎಂದು ಕಾಯುತ್ತಿದ್ದರೇನೋ. ಇಲ್ಲಿ ಆರ್ಮಿಯವರ ಸಾವಿನ ಸುದ್ದಿ ಫೋನಿನಲ್ಲಿ ಬರುವುದಿಲ್ಲ, ಹೀಗೆ ಇಬ್ಬರು ಮನೆಬಾಗಿಲಿಗೇ ಬರುತ್ತಾರೆ.

ಅಂಕಲ್ ಆ ಬೂಟುಗಳನ್ನು ನೋಡಿದರು. ಅವರಿಗೆ ಇನ್ನೇನೂ ಹೇಳಬೇಕಾಗಿರಲಿಲ್ಲ. ಆ ಗಂಡಸು ಎದ್ದು ನಿಂತು ಬಾಯಿ ತೆರೆಯುವಷ್ಟರಲ್ಲಿ ಅವನ ಕೈ ಹಿಡಿದು, ಇಲ್ಲಿ ಬೇಡ, ದಯವಿಟ್ಟು ಇಲ್ಲಿ ಬೇಡ ಎಂದು ಇಂಗ್ಲಿಷಿನಲ್ಲಿ ಅಂಗಲಾಚುತ್ತಾ ಗ್ಯಾರೇಜಿಗೆ ನಡೆಸಿಕೊಂಡು ಹೋದರು. ಆ ಹೆಂಗಸೂ ಹಿಂದೆ ಬಂದಳು. ಕಾಲುಚೀಲದಲ್ಲಿ, ಕೊರೆಯುವ ಸಿಮೆಂಟಿನ ಮೇಲೆ, ಮಡಚುವ ಮೇಜಿನ ಪಕ್ಕ ನಿಂತು ಅವರು ಸುದ್ದಿ ಹೇಳಿದರು. ವಾಹನ ಅಪಘಾತ... ಇನ್ನೂ ಏನೇನೋ ಹೇಳಿದರು, ನನಗೆ ನೆನಪಿಲ್ಲ. ಹೊಸ್ತಿಲಲ್ಲಿ ಆಂಟಿ ನಿಂತಿದ್ದರು, ಕೈಯಲ್ಲಿ ಚಹಾದ ಟ್ರೇ.

ಆಮೇಲೆ ಆರ್ಮಿಯ ದೊಡ್ಡವರ ಸಹಿ ಇದ್ದ ಸಾಂತ್ವನದ ಪತ್ರ ಬಂತು. ಅಂಕಲ್ ಅದನ್ನು ಗ್ಯಾರೇಜಿಗೆ ತಂದು ನನ್ನ ಕೈಗಿಟ್ಟು, "ಅಕ್ಷರ ತಿಳಿವಲ್ದವಾ, ನೀನಽ ಓದು," ಅಂದರು. ಅಚ್ಚಾದ ದಪ್ಪ ಅಕ್ಷರ. ಓದಿದೆ. ಹರಿದು ಹಾಕಲು ಕೈ ಚಾಚಿದರು, ಹರಿಯಲಿಲ್ಲ. ಉಳಿದಿದ್ದ ಕೋಟೆಯ ಕಾಗದಗಳನ್ನು ಲೈಬ್ರರಿಗೆ ವಾಪಸು ಕೊಟ್ಟು ಬಂದದ್ದು ನಾನೇ. ಆ ಮನೆಯೊಳಗೆ ಮಗಳು ಇನ್ನಿಲ್ಲ ಎಂಬ ಮಾತನ್ನು ಯಾರೂ ಆಡಲಿಲ್ಲ. ಆಂಟಿಗೆ ಅಳು ಬಂದರೆ ಗ್ಯಾರೇಜಿಗೆ ಬಂದು ಅಳುತ್ತಿದ್ದರು. ಅದನ್ನು ನೋಡಲಾರದೆ ನಾನು ಹೋಗುವುದನ್ನು ಕಡಿಮೆ ಮಾಡಿದೆ... ಆಮೇಲೆ ನಾವು ವಿಕ್ಸಮ್‌ಗೆ ಬಂದೆವು.

ಮೊನ್ನೆ ಅಡುಗೆಮನೆಯಲ್ಲಿದ್ದಾಗ ಫೋನಿನಲ್ಲಿ ಆಂಟಿಯ ಹೆಸರು ಮೂಡಿತು. ಅಂಕಲ್ ಆಸ್ಪತ್ರೆಯಲ್ಲಿರುವುದು ಗೊತ್ತಿತ್ತು. ನನ್ನ ಕಾಲು ತಾನಾಗಿಯೇ ಗ್ಯಾರೇಜಿಗೆ ನಡೆಯಿತು. ಅಲ್ಲಿ ಹೋಗಿ ಫೋನ್ ಎತ್ತಿದೆ.

"ಎಲ್ಲಿದ್ದೀ ತಂಗಿ? ಒಳಗೋ, ಹೊರಗೋ?"

"ಗ್ಯಾರೇಜಲ್ಲಿದೀನಿ, ಆಂಟಿ."

"ಹಂಗಾರ ಹೇಳ್ತೀನಿ," ಅಂದರು.