ತಾರೆ ಬೂಟು ಬಿಚ್ಚಿದಾಗ

ತಪ್ಪು ನನ್ನದೇ. ಬಾಗಲಗುಂಟೆಯ ನಮ್ಮ ಮನೆಗೆ ಬರುವವರು ಬಾಗಿಲಲ್ಲೇ ಪಾದರಕ್ಷೆ ಕಳಚುತ್ತಾರೆಂಬ ಸರ್ವವಿದಿತ ಸಂಗತಿಯನ್ನು, ಕಂಡವರ ನಡಿಗೆಯನ್ನೆಲ್ಲ ಅಣಕಿಸಿ ಚಪ್ಪಾಳೆ ಗಿಟ್ಟಿಸುವ ಮಹಾ ಪಾದಪಂಡಿತನಾದ ನಾನು ಮರೆತೇಬಿಟ್ಟಿದ್ದೆ.

ತಂಗಿ ಶ್ರುತಿಗೆ ಬ್ಯಾಲೆ ಕಲಿಯುವ ಹಂಬಲ. ಆರ್.ಟಿ. ನಗರದ ಬೇಕರಿಯೊಂದರ ಮೇಲಿನ ಹಾಲ್‌ನಲ್ಲಿ ಅದನ್ನು ಕಲಿಸುವವರು ಫ್ರಾನ್ಸಿನ ಹೆಸರಾಂತ ನರ್ತಕಿ. ಕೆಲವು ವರ್ಷಗಳಿಂದ ಇಲ್ಲೇ ನೆಲೆಸಿ, ಆಟೋದವರೊಡನೆ ಜಗಳವಾಡುವಷ್ಟು ಕನ್ನಡ ಸಂಪಾದಿಸಿದವರು. ಅಮ್ಮ ಒಪ್ಪದೆ ಸೇರಿಸಿಕೊಳ್ಳುವುದಿಲ್ಲವೆಂಬುದು ಅವರ ಹಟ. ಒಪ್ಪಿಸುವ ಗುತ್ತಿಗೆ ನನ್ನದು. ವಾರವಿಡೀ ಅಡುಗೆಮನೆಯಲ್ಲಿ ಅವರ ವೃತ್ತಿಜೀವನವನ್ನು ಏಕಪಾತ್ರಾಭಿನಯ ಮಾಡಿದೆ: ಬಾಲ್ಯದಲ್ಲೇ ಪ್ಯಾರಿಸ್ಸಿನ ನೃತ್ಯಶಾಲೆ, ಹಿಂದಿನ ಸಾಲಿನಲ್ಲಿ ಮರವಾಗಿ ಮೋಡವಾಗಿ ನಿಂತದ್ದು, ಪರೀಕ್ಷೆಯ ಮೇಲೆ ಪರೀಕ್ಷೆ ಗೆದ್ದು ಒಂದೊಂದೇ ಸಾಲು ಮುಂದೆ ಬಂದದ್ದು, ಕಡೆಗೊಂದು ಪ್ರದರ್ಶನ ಮುಗಿದಾಗ ರಂಗದ ಮೇಲೆಯೇ ಅಲ್ಲಿನ ಅತ್ಯುನ್ನತ ‘ತಾರೆ’ ಪದವಿಯ ಘೋಷಣೆ, ನಲವತ್ತು ದಾಟುತ್ತಲೇ ನಿಯಮದಂತೆ ನಿವೃತ್ತಿ. ರೊಟ್ಟಿ ಬಡಿಯುತ್ತಿದ್ದ ಅಮ್ಮನಿಗೆ ಕೊನೆಯದಷ್ಟೇ ಕೇಳಿಸಿತು.

“ನಲವತ್ತಕ್ಕ ರಿಟೈರ್? ಆ ವಯಸ್ಸಿನ್ಯಾಗ ನಿಮ್ಮಪ್ಪಗ ನೌಕರಿ ಪರ್ಮನೆಂಟ್ ಆತು!”

ತಲೆ ಚಚ್ಚಿಕೊಂಡೆ. ಆದರೂ ಅಮ್ಮ ಕರಗಿದಳು. ಗುರುವನ್ನು ಚಹಾಕ್ಕೆ ಕರೆದಳು. ಅವರು ಬಂದರು, ಬೂಟು ಬಿಚ್ಚಿದರು. ಉಬ್ಬಿದ ಗೆಣ್ಣು, ಒಂದರ ಮೇಲೊಂದು ಹತ್ತಿದ ಬೆರಳು, ಕಪ್ಪಿಟ್ಟ ಉಗುರು. ಗಾಳಿಯಲ್ಲಿ ತೇಲಿದ ಆ ಕೀರ್ತಿಗೆ ತೆತ್ತದ್ದನ್ನೆಲ್ಲ ಪ್ಯಾರಿಸ್ ನಗರ ರೇಷ್ಮೆಯ ಶೂಗಳೊಳಗೆ ಮುಚ್ಚಿಟ್ಟಿತ್ತು. ಬಾಗಲಗುಂಟೆ ಕಾಲೊರೆಸಿನ ಮೇಲೆ ಬಿಚ್ಚಿಟ್ಟಿತು.

“ಯವ್ವಾ! ನೋಯತಿದ್ದಿಲ್ಲೇನ್ ಕೇಳೋ,” ಎಂದಳು ಅಮ್ಮ.

ಅಮ್ಮನ ಊರಿನ ಕನ್ನಡ ಅವರಿಗೆ ತಿಳಿಯದೆಂದು ನಂಬಿ ನಾನು ಇಂಗ್ಲಿಷಿನಲ್ಲಿ ಏನೋ ಗೊಣಗಿ, “ಸ್ವಲ್ಪಾನೂ ಇಲ್ವಂತೆ” ಎಂದು ಅನುವಾದಿಸಿದೆ.

“ಸುಳ್ಳು ಹೇಳ್ಬೇಡ ಕಣೋ,” ಎಂದರು ಗುರುಗಳು, ಕನ್ನಡದಲ್ಲೇ. “ದಿನಾ ನೋಯ್ತಿತ್ತು, ಅಮ್ಮ. ಕುಣಿಯೋದ್ ಬಿಟ್ಟ್ ಮೇಲೆ ಇನ್ನೂ ಜಾಸ್ತಿ ನೋಯ್ತು.”

ಮುಗಿಯಿತು ನನ್ನ ವಕಾಲತ್ತು. ಇಂಥ ಸತ್ಯಸಂಧ ಕಕ್ಷಿದಾರರನ್ನು ಕಟ್ಟಿಕೊಂಡು ಯಾವ ಮೊಕದ್ದಮೆಯನ್ನು ಗೆಲ್ಲಲಾದೀತು, ನೀವೇ ಹೇಳಿ? ಅಮ್ಮನ ಕಣ್ಣೇನೋ ತುಂಬಿತು, ಪಟ್ಟು ಮಾತ್ರ ಬಿಗಿಯಾಯಿತು.

“ಬ್ಯಾಡ ತಗಿ. ನಾಳೆ ಮದಿವ್ಯಾಗ ಇಂಥಾ ಬೆರಳಿಗೆ ಕಾಲುಂಗುರ ಹ್ಯಾಂಗ ಏರಸೂದು?”

ಉತ್ತರ ಬಂದದ್ದು ಬಿಸ್ಕತ್ತಿನ ತಟ್ಟೆ ಹಿಡಿದು ನಿಂತಿದ್ದ ಶ್ರುತಿಯಿಂದ. ಅದನ್ನು ಕೇಳಿದ ಮೇಲೆ ಅಮ್ಮ ವಿಚಾರಿಸಿದ್ದು ಕ್ಲಾಸು ಎಷ್ಟು ಗಂಟೆಗೆಂದಷ್ಟೇ.

“ಕಾಲುಂಗುರ ದೊಡ್ಡದ್ ಮಾಡ್ಸಮ್ಮ. ಕಾಲು ನಂದು.”