ಮಾವನವರ ಅಂಗೈಲಿದ್ದ ಗಡಿಯಾರ

ಇವತ್ತು ಬೆಳಿಗ್ಗೆ ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹತ್ತಿರದ ವಾಚ್ ಅಂಗಡಿಯಲ್ಲಿ ನನ್ನ ಮರ್ಯಾದೆ ಹೋಯಿತು. ಅಂಗಡಿಯವನು ನನ್ನ ಕೈಗಡಿಯಾರಕ್ಕೆ ಹೊಸ ಸೆಲ್ ಹಾಕಿ, "ನೋಡ್ರಿ ಅಮ್ಮಾರೆ, ಮತ್ತೆ ಜೀವ ಬಂತು" ಎಂದು ಅದನ್ನು ನನ್ನ ಅಂಗೈಯಲ್ಲಿಟ್ಟ. ಅದು ಟಿಕ್ ಎಂದಿತು. ನಾನು ಚೇಳು ಕಡಿದವಳ ಹಾಗೆ ಕೈ ಕೊಡವಿದೆ. ಗಡಿಯಾರ ಹಾರಿ ಹೋಗಿ ಅವನ ಚಹಾದ ಲೋಟದೊಳಗೆ ಬಿತ್ತು. ಇನ್ನೊಂದು ಚಹಾ ತರಿಸಿಕೊಟ್ಟು ಬಂದೆನಾದರೂ, ಕಾರಣ ಮಾತ್ರ ಹೇಳಲಿಲ್ಲ. ಅವನಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ.

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಸೊರಬದ ಕಡೆಯ ಜಡೆ ಎಂಬ ಊರಿನಿಂದ ಶಿಕಾರಿಪುರಕ್ಕೆ ಸೊಸೆಯಾಗಿ ಬಂದೆ. ಮಾವನವರು ಅಡಿಕೆ ಮಂಡಿಯ ವ್ಯಾಪಾರಿ. ಎದೆಯ ಮೇಲೆ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ, ಅಂಗಿಯ ಜೇಬಿನಲ್ಲಿ ಚಿನ್ನದ ಗಡಿಯಾರ. ಇವೆರಡು ಇಲ್ಲದೆ ಅವರನ್ನು ಕಂಡವರಿಲ್ಲ. ಮಂಡಿಯ ಧೂಳು ತಾಗದಿರಲೆಂದು ಗಡಿಯಾರವನ್ನೂ ಲಿಂಗವಸ್ತ್ರದಂಥದೇ ಒಂದು ಕೆಂಪು ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು.

ಅಂಥ ಗಡಿಯಾರವನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ. ಅವರ ಅಪ್ಪ ಅದನ್ನು ಊರು ಬಿಟ್ಟು ಹೋಗುತ್ತಿದ್ದ ಯಾವನೋ ಬ್ರಿಟಿಷ್ ದೊರೆಯಿಂದ ಕೊಂಡಿದ್ದರಂತೆ. ಬಿಳಿಯ ಮುಖದೊಳಗೆ ಮತ್ತೆ ನಾಲ್ಕು ಪುಟ್ಟ ಮುಖಗಳು: ಒಂದರಲ್ಲಿ ವಾರ, ಒಂದರಲ್ಲಿ ತಾರೀಖು, ಒಂದರಲ್ಲಿ ತಿಂಗಳು, ಕೊನೆಯದರಲ್ಲಿ ನೀಲಿ ಆಕಾಶ ಮತ್ತು ಏರಿ ಇಳಿಯುವ ಚಂದ್ರ. ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನ ಬರುವ ವರ್ಷ ಯಾವುದೆಂದು ಅದಕ್ಕೇ ಗೊತ್ತಿತ್ತಂತೆ. ಪಕ್ಕದ ಸಣ್ಣ ಕೊಂಡಿಯನ್ನು ಜಾರಿಸಿ ಬಿಟ್ಟರೆ ಸಮಯವನ್ನು ಬಾರಿಸಿ ಹೇಳುತ್ತಿತ್ತು. ಗಂಟೆಗೆ ಗಡಸು ದನಿ, ಕಾಲುಗಂಟೆಗೆ ಜೋಡಿ ದನಿ, ನಿಮಿಷಕ್ಕೆ ತೆಳ್ಳನೆಯ ದನಿ. ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ರೇಡಿಯೋ ವಾರ್ತೆ ಕೇಳಿ, ಜಗಲಿಯಲ್ಲಿ ಕೂತು ಒಮ್ಮೆ ಬಾರಿಸುತ್ತಿದ್ದರು. ಎಣಿಸುವ ಕೆಲಸ ಹೊಸ ಸೊಸೆಯದು. ನಾನು ಏಳೂ ಇಪ್ಪತ್ತನ್ನು ಎಂಟೂ ಹತ್ತು ಮಾಡಿದಾಗ ಅವರು ನಕ್ಕು, "ಸೊರಬದ ಕಡೆ ಎಣಿಕಿ ಕಲಿಸಂಗಿಲ್ಲೇನವ್ವ?" ಎನ್ನುತ್ತಿದ್ದರು. ಗಡಿಯಾರವನ್ನು ಮಾತ್ರ ಯಾರ ಕೈಗೂ ಕೊಡುತ್ತಿರಲಿಲ್ಲ.

ನಾನು ಬಂದ ಎರಡನೆಯ ವರ್ಷ ಮಾವನವರಿಗೆ ಎದೆನೋವು ಬಂತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ, ಕೊರಳಲ್ಲಿರುವುದು, ಜೇಬಿನಲ್ಲಿರುವುದು ಎಲ್ಲ ತೆಗೆಯಬೇಕೆಂದರು. ಮೈಮೇಲಿನ ಲಿಂಗವನ್ನು ಬದುಕಿರುವ ತನಕ ಅಗಲಬಾರದು ಎಂದು ನಡೆದುಕೊಂಡ ಮನುಷ್ಯ ಅವರು. ಅದನ್ನೂ ಗಡಿಯಾರದ ಗಂಟನ್ನೂ ನನ್ನ ಕೈಗೆ ಕೊಟ್ಟರು. "ಜ್ವಾಪಾನ ಕಣವ್ವ" ಎಂದರು. ನಾನು ಕರಡಿಗೆಯನ್ನೂ ಅದರ ಕೆಂಪು ಲಿಂಗವಸ್ತ್ರದಲ್ಲಿ ಸುತ್ತಿ ಗಂಟು ಹಾಕಿದೆ. ಈಗ ನನ್ನ ಮಡಿಲಲ್ಲಿ ಎರಡು ಗಂಟುಗಳು. ಗಾತ್ರ ಒಂದೇ, ಬಣ್ಣ ಒಂದೇ. ಮನೆಗೆ ಬಂದ ಮೇಲೆ ಜ್ವರದಲ್ಲಿ ಮಲಗಿದ್ದ ಅವರ ಕೊರಳಿಗೆ ಒಂದನ್ನು ಕಟ್ಟಿ, ಇನ್ನೊಂದನ್ನು ತಿಜೋರಿಯಲ್ಲಿಟ್ಟೆ.

ಮರುದಿನ ಬೆಳಿಗ್ಗೆಯೇ ಹೋಗಿಬಿಟ್ಟರು. ಪಕ್ಕದ ಮನೆಯ ಕಂಪೌಂಡರ್ ಬಂದು ಮುಂಗೈ ಹಿಡಿದು ನೋಡಿ ತಲೆಯಾಡಿಸಿದ. ಮೈ ತೊಳೆದು, ವಿಭೂತಿ ಹಚ್ಚಿ, ಜಗಲಿಯ ಗೋಡೆಗೆ ಒರಗಿಸಿ ಕೂರಿಸಿದರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂತೇ ಮಣ್ಣಿಗೆ ಹೋಗಬೇಕು, ಎಡಗೈಯಲ್ಲಿ ಲಿಂಗ ಹಿಡಿದು. ನಮ್ಮ ಮನೆಯ ಅಯ್ಯನವರು ಪರವೂರಿಗೆ ಹೋಗಿದ್ದರಿಂದ ಬೇರೊಬ್ಬರು ಬಂದಿದ್ದರು. ಸೊರಬದ ಕಡೆಯ ಉಳವಿಯಲ್ಲಿದ್ದ ನಮ್ಮ ಹೊಲಕ್ಕೆ ಹೊತ್ತಿರುವಾಗಲೇ ಮುಟ್ಟಬೇಕೆಂಬ ಅವಸರ. "ಗಂಟು ಬಿಚ್ಚೂದೇನು ಬ್ಯಾಡ, ಹಂಗ ಅಂಗೈಗೆ ಕಟ್ರವ್ವ" ಎಂದರು. ಕಟ್ಟಿದವಳು ನಾನು.

ಕೊರಳಲ್ಲಿದ್ದ ಗಂಟನ್ನು ಎಡ ಅಂಗೈಯಲ್ಲಿಟ್ಟು, ತಣ್ಣಗಿನ ಬೆರಳುಗಳನ್ನು ಮಡಿಸಿ, ಮೇಲೆ ನನ್ನ ಕೈಯಿಟ್ಟು ಒತ್ತಿ ಹಿಡಿದೆ. ಒಳಗೆ ಮಿಡಿಯಿತು.

ಒಂದು ಸಲವಲ್ಲ, ಐದಾರು ಸಲ. ನಾನು ಕೈ ತೆಗೆದೆ. ಸುತ್ತ ಐವತ್ತು ಜನ. ಮಾವನವರು ಬದುಕಿದ್ದಾರೆ ಎಂದು ಕೂಗಲು ಬಾಯಿ ತೆರೆದೆ, ಮುಚ್ಚಿದೆ. ಎರಡು ವರ್ಷದ ಸೊಸೆ, ಏಳೂ ಇಪ್ಪತ್ತನ್ನು ಎಂಟೂ ಹತ್ತು ಎಂದವಳು. ನನ್ನ ಮಾತನ್ನು ಯಾರು ನಂಬುತ್ತಾರೆ, ನಗುತ್ತಾರೆ ಎಂದುಕೊಂಡೆ. ನಾಚಿಕೆ. ಬೇರೆ ದೊಡ್ಡ ಕಾರಣವೇನೂ ಇರಲಿಲ್ಲ. ಮ್ಯಾಟಡಾರಿನಲ್ಲಿ ಉಳವಿಯವರೆಗೆ ಅವರ ಎದುರಿಗೇ ಕೂತಿದ್ದೆ. ಗುಂಡಿ ಬಿದ್ದ ರಸ್ತೆಯಲ್ಲಿ ಅವರ ತಲೆ ಅಲ್ಲಾಡಿದಾಗಲೆಲ್ಲ, ಬೇಡ ಬೇಡ ಎನ್ನುತ್ತಿದ್ದಾರೆ ಅನ್ನಿಸುತ್ತಿತ್ತು. ಬಿಸಿಲು ಚೆನ್ನಾಗಿತ್ತು. ಹೊಲದಲ್ಲಿ ತೆಗೆದ ಗುಂಡಿಯ ಗೂಡಿನಲ್ಲಿ ಅವರನ್ನು ಕೂರಿಸಿ, ಉಪ್ಪು, ವಿಭೂತಿ, ಬಿಲ್ವಪತ್ರೆ ತುಂಬಿದರು. ಉಪ್ಪು ಕುತ್ತಿಗೆಯ ತನಕ ಏರುವುದನ್ನು ನೋಡುತ್ತ ನಿಂತಿದ್ದೆ.

ಆಮೇಲಿನ ಎರಡು ದಿನ ನಾನು ಅನ್ನ ಮುಟ್ಟಲಿಲ್ಲ. ಮಾವನ ಮೇಲೆ ಎಂಥ ಪ್ರೀತಿ ಎಂದು ನೆಂಟರು ಹೊಗಳಿದರು.

ಮೂರನೆಯ ದಿನ ಸಮಾಧಿಗೆ ಹಾಲೆರೆಯಲು ಬೆಳ್ಳಿಯ ಬಟ್ಟಲು ಬೇಕಾಗಿ ತಿಜೋರಿ ತೆಗೆದರು. ಕೆಂಪು ಗಂಟು ಸಿಕ್ಕಿತು. ಗಂಡನ ಅಣ್ಣ, ನಮ್ಮ ಭಾವ, ಅಪ್ಪನ ಗಡಿಯಾರ ನೋಡೋಣವೆಂದು ಬಿಚ್ಚಿದರು. ಒಳಗಿದ್ದದ್ದು ಕರಡಿಗೆ. ಕರಡಿಗೆಯಲ್ಲಿ ಲಿಂಗ.

ಮನೆಯಲ್ಲಿ ಕೂಗೆದ್ದಿತು. ಲಿಂಗವಿಲ್ಲದೆ ಮಣ್ಣಿಗೆ ಹೋಗುವುದೆಂದರೆ ನಮ್ಮವರಿಗೆ ಅದಕ್ಕಿಂತ ದೊಡ್ಡ ಕೇಡಿಲ್ಲ. ಎಲ್ಲರೂ ಅಳುತ್ತಿದ್ದರು. ನನಗೆ, ಹೇಳಿದರೆ ಪಾಪ ಬಂದೀತು, ನಗು ಬರುವಷ್ಟು ಸಂತೋಷವಾಯಿತು. ಅಂದು ಮಿಡಿದದ್ದು ಗಡಿಯಾರ! ಮಾವನವರು ಸತ್ತೇ ಹೋಗಿದ್ದರು!

"ಸಮಾಧಿ ತೆಗೀಲೇಬೇಕು. ಲಿಂಗ ಇಲ್ದ ಅಪ್ಪ ಹೆಂಗ ಹೋಗ್ತಾನ?" ಎಂದರು ಭಾವ. ಎಲ್ಲರೂ ಹೌದೆಂದರು. ಚಿನ್ನದ ಮಾತನ್ನು ಒಬ್ಬರೂ ಆಡಲಿಲ್ಲ. ಗುದ್ದಲಿಗಳು ಬಂದವು. ಅತ್ತೆಯವರು ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದರು.

"ಕಟ್ಟಿದಾಕಿ ನೀನು. ಕೈಗೆ ಏನೂ ಗೊತ್ತಾಗ್ಲಿಲ್ಲೇನು?"

ನಾನು ಎಲ್ಲ ಹೇಳಿದೆ. "ಮಿಡಿದಂಗೆ ಆಯ್ತು ಅತ್ತೆ. ಜೀವ ಐತೆ ಅಂತ ಹೆದರಿದ್ದೆ. ಗಡಿಯಾರ ಅಂತ ಈಗ ಗೊತ್ತಾಯ್ತಲ್ಲ, ನಂಗೆ ಉಸಿರು ಬಂದಂಗಾಯ್ತು."

ಅತ್ತೆಯವರು ಒಲೆಯ ಕಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತರು.

"ಆ ಗಡಿಯಾರ ನೀ ಈ ಮನಿಗೆ ಬರೂಕಿಂತ ಮೊದಲ ನಿಂತಿತ್ತವ್ವ" ಎಂದರು. "ಗಂಟಿ ಬಾರ್ಸೂ ಸ್ಪ್ರಿಂಗ್ ಬ್ಯಾರೆ, ನಡಿಯೂದು ಬ್ಯಾರೆ. ಮುಂಜಾನೆ ರೇಡಿಯೋ ಕೇಳಿ ಮುಳ್ಳು ತಿರುವಿಟ್ಟು ಬಾರಿಸ್ತಿದ್ರು. ಮಂಡಿ ಮಂದಿಗೆ ಗೊತ್ತಾಗಬಾರ್ದು ಅಂತ. ಅದು ಒಳಗ ಟಿಕ್ ಅಂದು ನಾಕು ವರ್ಷ ಆತು."

ಹೊರಗೆ ಭಾವ ಹೊತ್ತಾಯಿತೆಂದು ಕರೆಯುತ್ತಿದ್ದರು. ಅತ್ತೆಯವರು ನನ್ನ ಗದ್ದ ಹಿಡಿದೆತ್ತಿ, "ತೆಗೆದ್ರ ನೋಡಬೇಕಾಗ್ತೈತಿ. ಹೆಂಗ ಕುಂದ್ರಿಸಿದ್ವೋ ಹಂಗ ಅದಾರೋ ಇಲ್ಲೋ ಅಂತ ನೋಡಬೇಕಾಗ್ತೈತಿ. ನೀ ಇನ್ನೂ ಬಾಳಬೇಕಾದಾಕಿ" ಎಂದರು. ಎದ್ದು ಕಣ್ಣೊರೆಸಿಕೊಂಡು ಹೊರಗೆ ಹೋದರು.

"ಯಾರೂ ಸಮಾಧಿ ಮುಟ್ಟಬ್ಯಾಡ್ರಿ. ಅವರ ಲಿಂಗ ನನ್ನ ಕೊರಳಾಗ ಇರ್ತೈತಿ."

ಗಂಡನನ್ನು ಲಿಂಗವಿಲ್ಲದೆ ಕಳಿಸಿದ ಕಲ್ಲೆದೆಯವಳು ಎಂದು ಬೀಗರು, ನೆಂಟರು, ಹೆತ್ತ ಮಗ ಕೂಡ ಅಂದರು. ಅತ್ತೆಯವರು ಒಂದು ಮಾತು ತಿರುಗಿ ಆಡಲಿಲ್ಲ. ಕೊನೆಯವರೆಗೂ ಎರಡು ಕರಡಿಗೆ ಹೊತ್ತು ತಿರುಗಿದರು. ಆ ಅಡುಗೆಮನೆಯ ಮಾತನ್ನು ನನ್ನೆದುರೂ ಮತ್ತೆ ಎತ್ತಲಿಲ್ಲ.

ಹೆದರಿದಾಗ ನಮ್ಮದೇ ಬೆರಳ ತುದಿ ಮಿಡಿಯುತ್ತದೆ, ಅದನ್ನೇ ಹೆಣದ ನಾಡಿ ಎಂದು ಭ್ರಮಿಸುತ್ತೇವೆ ಎಂದು ಎಲ್ಲೋ ಓದಿದ್ದೇನೆ. ನಂಬಿದ್ದೇನೆ. ಜನರ ನಡುವೆ ಇರುವಾಗ ಪೂರ್ತಿ ನಂಬುತ್ತೇನೆ.

ಇವತ್ತು ಅಂಗಡಿಯಿಂದ ಬಂದವಳೇ ಸೊಸೆಯನ್ನು ಕೂರಿಸಿಕೊಂಡೆ. ಅವಳು ಮನೆಗೆ ಬಂದು ಎರಡು ವರ್ಷವೂ ಆಗಿಲ್ಲ. ನನ್ನ ಮುಂದೆ ದನಿ ಎತ್ತುವುದಿಲ್ಲ. "ನಾಳೆ ನನ್ನ ಕೈಗೆ ಲಿಂಗ ಕಟ್ಟೋಳು ನೀನು. ಕಟ್ಟಿ, ಒಂದಿಷ್ಟು ಹೊತ್ತು ಕೈ ಹಿಡ್ಕಂಡು ಕೂತಿರು. ಏನಾದ್ರೂ ಅನ್ನಿಸಿದ್ರೆ ಕೂಗಿಬಿಡು. ಐವತ್ತು ಜನ ಇದ್ರೂ ಕೂಗು. ಸುಳ್ಳಾದ್ರೆ ನಗ್ತಾರೆ, ನಗ್ಲಿ" ಎಂದೆ.

"ಆಯ್ತು ಅತ್ತೆ" ಎಂದಳು ಅವಳು, ನನಗೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ.